ಬೇಡವೆಂದ ಹಾಸಿಗೆ

ಫೆಬ್ರುವರಿ 9

ಅಮ್ಮನಿಗೆ,

ನಿನ್ನ ಕಾಗದ ಬಂತು. ಕೆಳಗಿನ ಕನ್ನಡಕದಂಗಡಿಯಲ್ಲಿ ಫೋನಿದೆ, ಅಲ್ಲಿಗೊಂದು ಕರೆ ಮಾಡು ಎಂದರೆ ಕೇಳುವವಳಲ್ಲ ನೀನು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡವಳಿಗೆ ಈಗ ಫೋನಿನ ಗಂಟೆ ಕೇಳಿದರೂ ಆಗುವುದಿಲ್ಲ ಎಂದು ಹೇಳಿದರೆ ಇವರು ನಂಬುವುದೇ ಇಲ್ಲ. ಇರಲಿ, ಬರೆಯುವುದೇ ವಾಸಿ. ಅಂಗಡಿಯಲ್ಲಿ ನಿಂತು ಮಾತಾಡಿದರೆ ಕನ್ನಡಕದವನು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾನೆ.

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ಕುಂಬಳಕಾಯಿ ಆರಿಸುವವರ ಹಾಗೆ ಹೊಟ್ಟೆಯನ್ನು ಎಲ್ಲ ಕಡೆಯಿಂದ ಒತ್ತಿ ನೋಡಿದರು. ಆಮೇಲೆ ಸ್ಕ್ಯಾನ್ ಮಾಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದರೆ ಏನೋ ಇದೆಯೆಂದೇ ಅರ್ಥ.

"ಮಗು ಅಡ್ಡ ಮಲಗಿದೆ. ಹೋದ ಸಲ ತಲೆ ಬಲಗಡೆ ಇತ್ತು, ಈಗ ಎಡಗಡೆ. ಒಳಗೆ ನೀರು ಜಾಸ್ತಿ ಇದೆ, ಅದಕ್ಕೇ ಹಾಯಾಗಿ ಈಜಾಡ್ತಿದೆ. ಮೂರನೇದು ಬೇರೆ, ಹೊಟ್ಟೆ ಸಡಿಲ ಆಗಿರುತ್ತೆ" ಎಂದರು.

"ಅದರಿಂದೇನು ಡಾಕ್ಟ್ರೇ? ಆಮೇಲೆ ತಿರುಗಲ್ವಾ?"

"ತಿರುಗಬಹುದು. ನನ್ನ ಚಿಂತೆ ಬೇರೆ. ತಲೆ ಕೆಳಗೆ ಬಂದು ಕೂತಿದ್ರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ. ಅಡ್ಡ ಇದ್ರೆ ಬಿರಡೆ ಇಲ್ಲ. ನೀರು ಒಡೀತು ಅಂದ್ರೆ ಆ ರಭಸಕ್ಕೆ ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಜಾರಿ ಬಂದ್ಬಿಡಬಹುದು. ಆಮೇಲೆ ಮಗು ಅದರ ಮೇಲೇ ಒತ್ತುತ್ತೆ. ಅದಕ್ಕೆ ಉಸಿರು ಬರೋದೇ ಆ ಬಳ್ಳಿಯಿಂದ."

ಇದು ತೀರಾ ಅಪರೂಪವಂತೆ. ಆದರೆ ನನ್ನಲ್ಲಿ ಕಾರಣಗಳು ಒಂದರ ಮೇಲೊಂದು ಸೇರಿಕೊಂಡಿವೆಯಂತೆ. ಅದಕ್ಕೆ ಮುಂದಿನ ವಾರದಿಂದ ಹೆರಿಗೆಯವರೆಗೂ ವಾರ್ಡಿನಲ್ಲೇ ಇದ್ದುಬಿಡಿ, ಕಿಟಕಿ ಪಕ್ಕದ ಹಾಸಿಗೆ ಖಾಲಿ ಇದೆ ಎಂದರು. ಅಲ್ಲಿ ನೀರು ಒಡೆದರೆ ಆಪರೇಷನ್ ಕೋಣೆ ಹತ್ತು ಹೆಜ್ಜೆ.

ನನ್ನ ಪರಿಸ್ಥಿತಿ ನಿನಗೆ ಗೊತ್ತು. ಇವರು ಗೂಡ್ಸ್ ರೈಲು ಓಡಿಸಲು ಹೊರಟರೆ ಮನೆಗೆ ಬರುವುದು ಮೂರನೆಯ ದಿನ. ದೊಡ್ಡವಳಿಗೆ ಶಾಲೆ, ಚಿಕ್ಕವಳಿಗೆ ನಾನಿಲ್ಲದಿದ್ದರೆ ನಿದ್ದೆಯಿಲ್ಲ. ಮೇಜಿನ ಮೇಲೆ ನಾನು ಕಟ್ಟಿಕೊಡಬೇಕಾದ ಯಾರ್ಯಾರದೋ ಹಲ್ಲಿನ ಸೆಟ್ಟುಗಳು ಅರ್ಧರ್ಧ ಮುಗಿದು ನನ್ನನ್ನೇ ನೋಡಿ ನಗುತ್ತಿವೆ. ಡಾಕ್ಟರನ್ನು ಕಾಡಿ ಬೇಡಿ ಕೇಳಿದೆ. ಹಗಲೂ ರಾತ್ರಿ ಪಕ್ಕದಲ್ಲಿ ತಿಳಿವಳಿಕೆಯ ಒಬ್ಬರು ಇರುತ್ತಾರೆ ಎಂದಾದರೆ ಮನೆಯಲ್ಲಿರಿ, ಆದರೆ ನನಗೆ ಮನಸ್ಸಿಲ್ಲ ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಬರುತ್ತೀಯಾ? ಬರುವುದಾದರೆ ಮನೆಯಲ್ಲಿರುತ್ತೇನೆ. ಆಗದಿದ್ದರೆ ಖಂಡಿತ ಸಂಕೋಚ ಬೇಡ, ಮಕ್ಕಳನ್ನು ನಾದಿನಿಯ ಊರಿಗೆ ಕಳಿಸಿ ಆ ಹಾಸಿಗೆಗೆ ಹೋಗಿ ಮಲಗುತ್ತೇನೆ. ಬರುತ್ತೇನೆ, ಬರುವುದಿಲ್ಲ, ಎರಡರಲ್ಲಿ ಯಾವುದನ್ನು ಬರೆದರೂ ಸರಿ.

ಇನ್ನೊಂದು. ನಿಮ್ಮ ತಾಯಿಗೆ ಯಾವಾಗಲಾದರೂ ಹೀಗೆ ತೊಂದರೆ ಆಗಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲವೆಂದೆ. ಹೌದಲ್ಲವಾ?

ನಿನ್ನ ಮಗಳು


ಫೆಬ್ರುವರಿ 13

ಮಗಳೇ,

ಇದೇನು ಪ್ರಶ್ನೆ, ಬರುತ್ತೀಯಾ ಎಂದು! ಹೊರಗಿನವಳೇ ನಾನು? ಭಾನುವಾರ ಬರುತ್ತೇನೆ. ಮಕ್ಕಳನ್ನು ಊರೂರಿಗೆ ಚದುರಿಸುವುದು ಬೇಡ. ಆಸ್ಪತ್ರೆಯ ಹಾಸಿಗೆಯೂ ಬೇಡ. ಅಲ್ಲಿ ಪಕ್ಕದವಳ ನರಳಾಟ ಕೇಳಿಕೊಂಡು ಮಲಗಿದರೆ ಗಟ್ಟಿ ಇದ್ದವಳೂ ಹಣ್ಣಾಗುತ್ತಾಳೆ. ಡಾಕ್ಟರುಗಳು ಹತ್ತು ಹೇಳುತ್ತಾರೆ, ಅದರಲ್ಲಿ ಒಂಬತ್ತು ನಮ್ಮನ್ನು ಹೆದರಿಸುವುದಕ್ಕೆ.

ನಿನಗೆ ಉಣ್ಣೆಯದೊಂದು ಶಾಲು, ಮಗುವಿಗೆ ಎರಡು ಸ್ವೆಟರು ಹೆಣೆದಿದ್ದೇನೆ. ಬಣ್ಣ ಹಳದಿ. ಗಂಡಾದರೂ ಸರಿ ಹೆಣ್ಣಾದರೂ ಸರಿ.

ನೀನು ಕೂರಿಸಿಕೊಟ್ಟ ಹಲ್ಲು ಕೆಳಗಡೆ ಸ್ವಲ್ಪ ಒತ್ತುತ್ತದೆ. ಬಂದಾಗ ಉಜ್ಜಿಕೊಡು. ನಾನು ಹಲ್ಲು ಕಿರಿಯುತ್ತಿದ್ದೇನೋ ನಗುತ್ತಿದ್ದೇನೋ ಎಂದು ಜನಕ್ಕೆ ತಿಳಿಯದಂತಾಗಿದೆ.

ನಮ್ಮಲ್ಲಿ ಯಾರಿಗೂ ಅಂಥದ್ದೇನೂ ಆಗಿಲ್ಲ. ನೀನು, ನಿನ್ನ ತಮ್ಮ ಇಬ್ಬರೂ ಸಲೀಸಾಗಿ ಹುಟ್ಟಿದವರು. ಡಾಕ್ಟರಿಗೆ ಹಾಗೇ ಹೇಳು.

ಅಳಿಯಂದಿರನ್ನು ಕೇಳಿದೆನೆಂದು ತಿಳಿಸು.

ಅಮ್ಮ


ಫೆಬ್ರುವರಿ 17

ಅಮ್ಮಾ,

ನಿನ್ನ ಕಾಗದ ಓದಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಡಾಕ್ಟರಿಗೆ ಹಾಸಿಗೆ ಬೇಡವೆಂದು ಹೇಳಿಬಂದೆ. "ನಿಮ್ಮ ತಾಯಿ ಯಾವಾಗ ಬರ್ತಾರೆ?" ಎಂದು ಎರಡು ಸಲ ಕೇಳಿದರು. ಭಾನುವಾರ ಎಂದೆ. ಆ ಹಾಸಿಗೆಯನ್ನು ಅಲ್ಲೇ ನನ್ನೆದುರಿಗೆ ಬೇರೊಬ್ಬಳಿಗೆ ಕೊಟ್ಟರು. ಅವಳು ಚೀಲ ಹಿಡಿದು ಒಳಗೆ ಹೋಗುವುದನ್ನು ನೋಡುತ್ತಾ ನನಗೆ ನಿಜವಾಗಿ ಅವಳ ಮೇಲೆ ಕರುಣೆ ಬಂತು. ಪಾಪ, ಇವಳಿಗೆ ಅಮ್ಮ ಇಲ್ಲವೇನೋ ಎಂದುಕೊಂಡೆ.

ನಿನಗೆ ಹೇಳಿಕೊಡಬೇಕೆಂದು ಡಾಕ್ಟರು ಕೆಲವು ಮಾತು ಹೇಳಿದ್ದಾರೆ. ನೀರು ಒಡೆದ ಕೂಡಲೇ ನಾನು ನಡೆಯಬಾರದು, ನಿಲ್ಲಬಾರದು. ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿರಬೇಕು. ಆಗ ಮಗುವಿನ ಭಾರ ಬಳ್ಳಿಯ ಮೇಲೆ ಬೀಳುವುದಿಲ್ಲ. ಬಳ್ಳಿ ಕಾಣಿಸಿದರೆ ಅದನ್ನು ಒಳಗೆ ತಳ್ಳಬಾರದು, ಎಳೆಯಬಾರದು. ನೀನು ಕೆಳಗೆ ಓಡಿ ಫೋನು ಮಾಡಿ ವಾಪಸು ಬಂದು ನನ್ನ ಸೊಂಟ ಹಿಡಿದುಕೊಂಡಿರಬೇಕು, ಅಷ್ಟೇ. ನಮ್ಮ ಬೀದಿಗೆ ಆಂಬುಲೆನ್ಸು ಬರಲು ಹೆಚ್ಚು ಹೊತ್ತು ಬೇಡ.

ಓದಿ ಹೆದರಬೇಡ. ಬಹುಶಃ ಏನೂ ಆಗುವುದಿಲ್ಲ. ಮಕ್ಕಳು ನಿನಗಾಗಿ ಮಂಚ ಖಾಲಿ ಮಾಡಿ, ಅದರ ಮೇಲೆ ಯಾರು ಅಜ್ಜಿಯ ಪಕ್ಕ ಮಲಗುವುದೆಂದು ಈಗಲೇ ಕುಸ್ತಿಗೆ ಬಿದ್ದಿದ್ದಾರೆ.

ನಿನ್ನ ಮಗಳು


ಫೆಬ್ರುವರಿ 22

ಮಗಳೇ,

ಭಾನುವಾರ ನೀವೆಲ್ಲ ಕಾದಿರಿ ಎಂದು ಗೊತ್ತು. ಶನಿವಾರ ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದೇನೆ. ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಬಂದೇ ಬರುತ್ತೇನೆ. ಹೇಗಿದ್ದರೂ ಬರುತ್ತೇನೆ.

ಅಮ್ಮ


ಮಾರ್ಚ್ 4

ಅಮ್ಮಾ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಹೆಣ್ಣು ಮಗು. ಬದುಕಿದೆ.

ಬುಧವಾರ ಇವರು ಡ್ಯೂಟಿಗೆ ಹೊರಡುವಾಗ, "ರಜೆ ಹಾಕ್ಲಾ?" ಎಂದು ಬಾಗಿಲಲ್ಲೇ ನಿಂತರು. ನಾಳೆ ಬೆಳಿಗ್ಗೆ ಅಮ್ಮ ಬಂದುಬಿಡುತ್ತಾಳೆ, ನೀವು ಹೋಗಿ ಎಂದು ನಾನೇ ಕಳಿಸಿದೆ. ಗುರುವಾರ ಮಕ್ಕಳನ್ನು ಶಾಲೆಗೆ ಬಿಟ್ಟುಬರಲು ಎದುರುಮನೆಯಾಕೆಗೆ ಹೇಳಿ, ನಿನಗಾಗಿ ಬಾಗಿಲ ಚಿಲಕ ತೆಗೆದಿಟ್ಟು, ಕೆಲಸಕ್ಕೆ ಕೂತೆ. ನಿವೃತ್ತ ಮೇಷ್ಟ್ರೊಬ್ಬರ ಮೇಲ್ದವಡೆ. ಮೇಣದಲ್ಲಿ ಹಲ್ಲು ಜೋಡಿಸುತ್ತಿದ್ದೆ. ಕೊಡ ಮಗುಚಿದ ಹಾಗೆ ನೀರು ಒಡೆಯಿತು. ಅದರ ಹಿಂದೆಯೇ ಏನೋ ಜಾರಿದ್ದು ತಿಳಿಯಿತು. ಕೈ ತಾಗಿತು. ಬೆಚ್ಚಗಿತ್ತು ಅಮ್ಮಾ, ಒದ್ದೆ ಹಗ್ಗದ ಹಾಗೆ. ಅದರೊಳಗೆ ಮಗುವಿನ ನಾಡಿ ಹೊಡೆದುಕೊಳ್ಳುತ್ತಿತ್ತು.

ಡಾಕ್ಟರು ಹೇಳಿದ ಹಾಗೆ ಮಂಡಿಯೂರಿದೆ. ಹಣೆ ನೆಲಕ್ಕಿಟ್ಟೆ. ಆದರೆ ಫೋನು ಕೆಳಗೆ, ನಾನು ಮೇಲೆ. ಕೂಗಿದರೆ ಬೀದಿಯ ಗದ್ದಲದಲ್ಲಿ ಯಾರಿಗೂ ಕೇಳದು. ಮೇಜಿನಿಂದ ಬಿದ್ದ ಮರದ ಸುತ್ತಿಗೆ ಕೈಗೆ ಸಿಕ್ಕಿತು. ಅದರಿಂದ ನೆಲಕ್ಕೆ ಬಡಿದೆ, ಬಡಿದೆ, ಬಡಿಯುತ್ತಲೇ ಇದ್ದೆ. ಕೊನೆಗೆ ಕನ್ನಡಕದವನು ಬಯ್ಯುತ್ತಲೇ ಮೆಟ್ಟಿಲೇರಿ ಬಂದ.

"ಏನ್ರೀ ಅಮ್ಮಾ ಇದು, ಕೆಳಗೆ ಗಿರಾಕಿಯ ಕಣ್ಣು ನೋಡ್ತಿದೀನಿ, ನೀವು ಬಡಿಯೋ ಏಟಿಗೆ ಅವರಿಗೆ ಒಂದಕ್ಷರ ಎರಡೆರಡಾಗಿ..." ಎನ್ನುತ್ತಾ ಬಾಗಿಲು ತಳ್ಳಿದವನು ಅಲ್ಲೇ ನಿಂತ.

"ಆಂಬುಲೆನ್ಸಿಗೆ ಫೋನ್ ಮಾಡಿ. ಬಳ್ಳಿ ಮುಂದೆ ಬಂದಿದೆ ಅಂತ ಹೇಳಿ. ಅದೇ ಮಾತು ಹೇಳಿ."

ಆ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲನೆಂದು ನನಗೆ ಗೊತ್ತಿರಲಿಲ್ಲ. ಮತ್ತೆ ಮೇಲೆ ಬಂದು, ಗೋಡೆಯ ಕಡೆ ಮುಖ ಮಾಡಿ ಕೂತು, "ಈಗೇನ್ ಮಾಡ್ಲಿ?" ಎಂದ. ಏನಾದರೂ ಮಾತಾಡಿ, ಸುಮ್ಮನಿರಬೇಡಿ ಎಂದೆ. ಪಾಪ, ಅವನಿಗೆ ಏನು ಮಾತಾಡಬೇಕೋ ತೋಚಲಿಲ್ಲ. ತನ್ನ ಅಂಗಡಿಯ ಗೋಡೆಯ ಮೇಲಿರುವ ಅಕ್ಷರದ ಪಟ್ಟಿಯನ್ನೇ ದೊಡ್ಡಕ್ಷರದಿಂದ ಸಣ್ಣಕ್ಷರದವರೆಗೆ ಬಾಯಿಪಾಠ ಹೇಳತೊಡಗಿದ. ಮುಗಿದರೆ ಮತ್ತೆ ಮೊದಲಿನಿಂದ. ಆಂಬುಲೆನ್ಸು ಬರುವ ತನಕ ನಾನು ಆ ಅಕ್ಷರಗಳನ್ನು ಹಿಡಿದುಕೊಂಡಿದ್ದೆ.

ಗಾಡಿಯಲ್ಲಿ ಬಂದ ನರ್ಸು ಕೈ ಒಳಗಿಟ್ಟು ಮಗುವನ್ನು ಬಳ್ಳಿಯ ಮೇಲಿಂದ ಎತ್ತಿ ಹಿಡಿದವಳು ಆಪರೇಷನ್ ಮೇಜಿನವರೆಗೂ ಬಿಡಲಿಲ್ಲ. ದಾರಿಯಲ್ಲಿ ಅವಳ ತೋಳು ನಡುಗುತ್ತಿತ್ತು. ಆಮೇಲಿನದು ನನಗೆ ಗೊತ್ತಿಲ್ಲ.

ಮಗು ಹುಟ್ಟಿದಾಗ ಅಳಲಿಲ್ಲವಂತೆ. ಉಸಿರು ಕೊಟ್ಟು ಉಳಿಸಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಎರಡು ಸಲ ಫಿಟ್ಸ್ ಬಂದಿತ್ತು. ಮುಂದೆ ಹೇಗೋ ಈಗಲೇ ಹೇಳಲಾಗದು, ಕಾದು ನೋಡಬೇಕು ಎನ್ನುತ್ತಾರೆ. ಅಕ್ಕಂದಿರು ಅವಳಿಗೆ ಸಾಸಿವೆ ಎಂದು ಹೆಸರಿಟ್ಟಿದ್ದಾರೆ, ಅಷ್ಟು ಚಿಕ್ಕದಾಗಿದ್ದಾಳೆ.

ಸೊಂಟ ಹಿಡಿದು ಮಲಗಿರುವವಳಿಗೆ ಇದನ್ನೆಲ್ಲ ಬರೆಯಬಾರದಿತ್ತು. ನಿನಗೆ ನೋವು ಇಳಿದಿರಲಿಲ್ಲ ಅನಿಸುತ್ತದೆ, ಇಲ್ಲದಿದ್ದರೆ ನೀನು ಗುರುವಾರ ತಪ್ಪಿಸುವವಳಲ್ಲ. ನಾನಿರಲಿಲ್ಲವಲ್ಲ ಎಂದು ಕೊರಗಬೇಡ. ಮೈಗೆ ಬಂದ ನೋವಿಗೆ ಯಾರೇನು ಮಾಡಲಾಗುತ್ತದೆ? ನಿನ್ನ ತಪ್ಪಲ್ಲ ಅಮ್ಮಾ.

ನಿನ್ನ ಮಗಳು


ಮಾರ್ಚ್ 9

ನನ್ನ ಬಂಗಾರವೇ,

ಕಾಗದ ಓದಿದೆ. ಬದುಕಿದೆಯಲ್ಲ, ಬದುಕಿದೆಯಲ್ಲ ಎಂದು ಅದನ್ನೇ ಹೇಳಿಕೊಂಡು ಮನೆಯೊಳಗೆ ತಿರುಗಿದೆ. ಕನ್ನಡಕದವನ ಹೊಟ್ಟೆ ತಣ್ಣಗಿರಲಿ.

ನನ್ನ ಸೊಂಟ ಈಗ ಪರವಾಗಿಲ್ಲ. ಇನ್ನೂ ದೂರದ ಪ್ರಯಾಣ ಬೇಡ ಅಂದಿದ್ದಾರೆ. ಹಳದಿ ಸ್ವೆಟರುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಈಗ ದೊಡ್ಡದಾಗಬಹುದು, ತೋಳು ಮಡಚಿ ಹಾಕು.

ಹಸಿ ಮೈ, ಜೋಪಾನ.

ಅಮ್ಮ


ಮಾರ್ಚ್ 20

ಅಮ್ಮನಿಗೆ,

ನಿನ್ನೆ ತಮ್ಮ ಬಂದಿದ್ದ. ಅವನ ಹೊಸ ಕೇಕಿನಂಗಡಿಯಿಂದ ಒಂದು ಡಬ್ಬಿ ತಂದಿದ್ದ. ಕೂತು ಅದರ ದಾರ ಬಿಚ್ಚುತ್ತಿದ್ದಾಗ ನಾನು, "ಅಮ್ಮನ ಸೊಂಟ ಹೇಗಿದೆಯೋ?" ಎಂದೆ.

"ಸೊಂಟಕ್ಕೇನಾಗಿದೆ? ಅಂಗಡಿ ತೆರೆಯೋ ಹಿಂದಿನ ದಿನ ಹಿಟ್ಟಿನ ಮೂಟೆನ ಅವಳೇ ಎಳೆದು ಒಳಗೆ ಹಾಕಿದ್ಲು. ನಾನು ಬೇಡ ಬೇಡ ಅಂದ್ರೂ."

"ಯಾವತ್ತು?"

"ನಿನ್ನ ಹೆರಿಗೆ ಆದ ವಾರಾನೇ, ಶುಕ್ರವಾರ. ಗುರುವಾರ ಬೆಳಿಗ್ಗೆನೇ ಬಂದಿಳಿದ್ಲಲ್ಲ, ಪೆಟ್ಟಿಗೆ ಸಮೇತ. ನಮಗೂ ಆಶ್ಚರ್ಯ. ಭಾವ ರಜೆ ಹಾಕಿದಾರೆ, ನೀನು ಬರೋದು ಬೇಡ, ತಮ್ಮನಿಗೆ ಸಹಾಯ ಮಾಡು ಅಂತ ನೀನೇ ಬರೆದಿದ್ಯಂತೆ. ನನ್ನ ಹೆಂಡತಿ ಎಷ್ಟು ಸಲ ಹೇಳಿದ್ಲು ಗೊತ್ತಾ, ಈ ಸ್ಥಿತೀಲೂ ಅಕ್ಕ ನಮ್ಮನ್ನ ನೆನೆಸ್ಕೊಂಡ್ರಲ್ಲ ಅಂತ."

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ದಾರ ಬಿಚ್ಚುತ್ತಿದ್ದ ಕೈ ನಿಂತಿತು.

"ಅಕ್ಕಾ... ನೀನು ಬರೆದಿರಲಿಲ್ವಾ?"

ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಹೋಗುವಾಗ ಬಾಗಿಲಲ್ಲಿ ಅತ್ತ. ನನಗೆ ಅಳು ಬರಲಿಲ್ಲ.

ಅಮ್ಮಾ, ನಾನು ನಿನ್ನನ್ನು ಬಾ ಎಂದು ಬಲವಂತ ಮಾಡಿರಲಿಲ್ಲ. ಬರುವುದಿಲ್ಲ ಎಂದು ಬರೆದರೂ ಸರಿ ಎಂದಿದ್ದೆ. ಆ ಮಾತನ್ನು ಬರೆಯುವಾಗ ಸುಳ್ಳೇ ಬರೆದಿರಲಿಲ್ಲ. ನೀನು ಬರುವುದಿಲ್ಲ ಅಂದಿದ್ದರೆ ಆ ಗುರುವಾರ ನಾನು ಕಿಟಕಿ ಪಕ್ಕದ ಹಾಸಿಗೆಯಲ್ಲಿರುತ್ತಿದ್ದೆ. ನೀನು ತಮ್ಮನ ಮನೆಗೆ ಹೋಗಿದ್ದಕ್ಕಲ್ಲ ನನ್ನ ಸಂಕಟ. ನಿನಗೆ ಅವನೂ ಮಗನೇ. ನೀನು ಬರುತ್ತೀಯೆಂದು ನಾನು ಹಾಸಿಗೆ ಬಿಟ್ಟುಕೊಟ್ಟೆ, ಇವರನ್ನು ಡ್ಯೂಟಿಗೆ ಕಳಿಸಿದೆ, ಬಾಗಿಲ ಚಿಲಕ ತೆಗೆದಿಟ್ಟೆ. ನೀನು ಬರುವುದಿಲ್ಲವೆಂದು ನಿನಗೊಬ್ಬಳಿಗೆ ಗೊತ್ತಿತ್ತು.

ಇದೆಲ್ಲ ಆದ ಮೇಲೆ, ನಿನ್ನ ತಪ್ಪಲ್ಲ ಎಂದು ನಾನು ಆಸ್ಪತ್ರೆಯಿಂದ ಬರೆದೆ. ಅದನ್ನು ಓದಿಯೂ ನೀನು ಸೊಂಟದ ವಿಷಯ ಬರೆದೆ.

ಮಗಳು


ಮಾರ್ಚ್ 26

ಮಗಳೇ,

ನಿನ್ನ ತಮ್ಮನಿಗೆ ನಾಲಿಗೆ ಮೇಲೆ ಹಿಡಿತವಿಲ್ಲ.

ಅವನ ಹೆಂಡತಿ ಒಬ್ಬಳೇ ಒದ್ದಾಡುತ್ತಿದ್ದಳು. ಹೊಸ ಅಂಗಡಿ, ಕೆಲಸದವರಿಲ್ಲ. ಎರಡು ದಿನ ಅಲ್ಲಿದ್ದು ನಿನ್ನಲ್ಲಿಗೆ ಬರೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಹೀಗಾಗುತ್ತದೆಂದು ಯಾರು ಕಂಡಿದ್ದರು? ನಿನ್ನ ದಿನ ತುಂಬಲು ಇನ್ನೂ ಸಮಯವಿತ್ತು. ವಯಸ್ಸಾದವಳು, ಒಂದು ಹೇಳಬೇಕಾದಲ್ಲಿ ಇನ್ನೊಂದು ಹೇಳಿದೆ, ನಿಜ. ಅದಕ್ಕೆ ಇಷ್ಟು ಕಠಿಣವಾಗಿ ಬರೆಯುವುದೇ?

ಮಗು ಬದುಕಿದೆಯಲ್ಲ. ಅದನ್ನು ನೋಡಿ ಸಮಾಧಾನ ತಂದುಕೋ.

ಅಮ್ಮ


ಏಪ್ರಿಲ್ 5

ಅಮ್ಮನಿಗೆ,

ಮಗು ಬದುಕಿದೆಯಲ್ಲ ಎಂದು ಬೇರೆ ಯಾರಾದರೂ ಬರೆಯಬಹುದು, ನೀನು ಬರೆಯಬಾರದಿತ್ತು. ಅವಳು ಬದುಕಿದ್ದು ಕನ್ನಡಕದವನ ಕಾಲಿನಿಂದ, ಆ ನರ್ಸಿನ ತೋಳಿನಿಂದ. ಅದನ್ನು ನಿನ್ನ ಸಮಜಾಯಿಷಿಗೆ ಬಳಸಬೇಡ.

ನಾವು ಅವಳನ್ನು ಮನೆಗೆ ಕರೆತಂದಿದ್ದೇವೆ. ಎಡಗೈ ಮುಷ್ಟಿ ಬಿಡಿಸುವುದಿಲ್ಲ. ಹಾಲು ಕುಡಿಯುತ್ತಾ ದಣಿದು ಅರ್ಧಕ್ಕೇ ಬಿಡುತ್ತಾಳೆ. ಅವಳು ನಿದ್ದೆ ಮಾಡಿದರೆ ನಾನು ಎಬ್ಬಿಸಿ ನೋಡುತ್ತೇನೆ, ಎದ್ದರೆ ಯಾಕೆ ಎಬ್ಬಿಸಿದೆನೆಂದು ಅಳುತ್ತೇನೆ. ಇವರು ನನ್ನೆದುರಿಗೆ ಏನೂ ಮಾತಾಡುವುದಿಲ್ಲ, ರಜೆ ಹಾಕಬೇಕಿತ್ತು ಎಂದು ಒಮ್ಮೆ ಒಲೆಯ ಹತ್ತಿರ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಸ್ವೆಟರುಗಳನ್ನು ವಾಪಸು ಕಳಿಸುತ್ತಿದ್ದೇನೆ. ದೊಡ್ಡದಾಯಿತೆಂದಲ್ಲ.

ಇನ್ನು ಬರೆಯಬೇಡ.

ಮಗಳು


ಮೇ 21

ಮಗಳೇ,

ಬರೆಯಬೇಡ ಅಂದಿದ್ದೆ. ಇಷ್ಟು ದಿನ ಬರೆಯಲಿಲ್ಲ. ಇದೊಂದನ್ನು ಓದು. ಆಮೇಲೆ ಹರಿದು ಹಾಕು.

ನಿನಗಿಂತ ಮೊದಲು ನನಗೊಂದು ಹೆಣ್ಣು ಮಗು ಆಗಿತ್ತು. ಮನೆಯಲ್ಲಿ ನಿನ್ನ ಅಪ್ಪನಿಗೆ, ನಿನ್ನ ಅಜ್ಜಿಗೆ ಮಾತ್ರ ಗೊತ್ತಿದ್ದ ವಿಷಯ. ಈಗ ಇಬ್ಬರೂ ಇಲ್ಲ.

ಎಕ್ಸ್‌ಚೇಂಜಿನಲ್ಲಿ ನನ್ನ ಕೆಲಸ ನೀನು ನೋಡಿಲ್ಲ. ಎತ್ತರದ ಸ್ಟೂಲು, ಎದುರಿಗೆ ಗೋಡೆಯಷ್ಟಗಲದ ಬೋರ್ಡು, ತೂತು ತೂತು. ಒಬ್ಬರು ಕೇಳಿದ ನಂಬರಿಗೆ ವೈರು ಎಳೆದು ಸಿಕ್ಕಿಸಬೇಕು. ಮೇಲಿನ ಸಾಲಿಗೆ ಕೈ ಪೂರ್ತಿ ಎತ್ತಬೇಕು. ಎಂಟನೆಯ ತಿಂಗಳು ಆಗಷ್ಟೇ ಶುರುವಾಗಿತ್ತು. ಮಗು ಇನ್ನೂ ತಲೆ ಕೆಳಗೆ ಮಾಡಿಲ್ಲ, ಕಾಲು ಕೆಳಗಿದೆ ಎಂದು ಸೂಲಗಿತ್ತಿ ಹೇಳಿದ್ದಳು. ಸ್ಟೂಲಿನ ಮೇಲೆ ಕೂತಿದ್ದಾಗಲೇ ನೀರು ಒಡೆಯಿತು. ಮೇಲ್ವಿಚಾರಕಿಗೆ ಹೇಳಿದೆ. "ಬದಲಿಯವಳು ಬರೋವರೆಗೂ ಬೋರ್ಡು ಬಿಟ್ಟು ಏಳ್ಬೇಡ" ಎಂದಳು. ನಾನು ಎದ್ದೇಳಲಿಲ್ಲ. ಲೈನಿನಲ್ಲಿರಿ, ಲೈನಿನಲ್ಲಿರಿ ಎಂದು ಯಾರ್ಯಾರಿಗೋ ಹೇಳುತ್ತಾ ಕೂತಿದ್ದೆ. ಆಮೇಲೆ ಮೆಟ್ಟಿಲಿಳಿಯತೊಡಗಿದೆ. ನಿನ್ನ ಕೈಗೆ ತಾಗಿತೆಂದು ಬರೆದೆಯಲ್ಲ, ಅದು ಅರ್ಧ ಮೆಟ್ಟಿಲಲ್ಲಿ ನನ್ನ ಕೈಗೂ ತಾಗಿತು. ಮಿಡಿಯುತ್ತಿತ್ತು. ಅದು ಏನೆಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಕೂತೆ. ಅದು ನಿಂತುಹೋಗುವ ತನಕ ಹಿಡಿದುಕೊಂಡೇ ಕೂತಿದ್ದೆ.

ಆಸ್ಪತ್ರೆಯಿಂದ ಬಂದ ದಿನ ನಿನ್ನ ಅಜ್ಜಿ ಅಂದಳು: "ಬಸುರಿ ಕೈ ಮೇಲೆತ್ತಿದ್ರೆ ಬಳ್ಳಿ ಜಾರುತ್ತೆ, ಅದು ಯಾರಿಗೆ ಗೊತ್ತಿಲ್ಲ? ಇವಳು ದಿನವಿಡೀ ಕೈ ಎತ್ಕೊಂಡೇ ಕೂತಿದ್ಲು." ನಿನ್ನ ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನೀನು ಹೊಟ್ಟೆಯಲ್ಲಿದ್ದಾಗ ನಾನು ತಲೆ ಬಾಚಿಕೊಳ್ಳಲೂ ಕೈ ಎತ್ತಿರಲಿಲ್ಲ. ಪಕ್ಕದ ಮನೆಯವಳಿಂದ ಬಾಚಿಸಿಕೊಳ್ಳುತ್ತಿದ್ದೆ.

ಬರುತ್ತೇನೆ ಎಂದು ಬರೆದಾಗ ನಿಜವಾಗಿಯೂ ಬರುವವಳಿದ್ದೆ. ಬಳ್ಳಿ ಕಂಡರೆ ಹೀಗೆ ಮಾಡು, ಹಾಗೆ ಮಾಡು ಎಂದು ನೀನು ಬರೆದ ಕಾಗದ ಬಂದ ಮೇಲೆ ನನ್ನ ಕೈಯಲ್ಲಿ ಆಗಲಿಲ್ಲ. ಸೊಂಟದ ಸುಳ್ಳು ಹೇಳಿ ನಾಲ್ಕು ದಿನ ತೆಗೆದುಕೊಂಡೆ. ಗುರುವಾರ ನಸುಕಿನಲ್ಲೇ ನಿಲ್ದಾಣಕ್ಕೆ ಹೋಗಿ ನಿಮ್ಮ ಊರಿನ ಬಸ್ಸಿಗೆ ಕಾಲೂ ಇಟ್ಟೆ. ಕಂಡಕ್ಟರ್, "ಹತ್ತೋದಾದ್ರೆ ಹತ್ತಿ ಅಮ್ಮಾ, ದಾರಿ ಬಿಡಿ" ಎಂದ. ಇಳಿದುಬಿಟ್ಟೆ. ಪಕ್ಕದಲ್ಲಿ ತಮ್ಮನ ಊರಿನ ಬಸ್ಸು ನಿಂತಿತ್ತು. ನಾನು ಹತ್ತಿರ ಇದ್ದರೇ ನಿನಗೂ ಹಾಗಾಗುತ್ತದೆ, ನನ್ನ ನೆರಳು ಬೀಳದಿದ್ದರೆ ನೀನು ಬಚಾವು ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಹೆದರಿಕೆ. ಮತ್ತೊಮ್ಮೆ ಅದನ್ನು ನೋಡುವ ಧೈರ್ಯ ಇರಲಿಲ್ಲ.

ತಮ್ಮನ ಮನೆ ಸೇರಿದ ಮೇಲೆ ಕನ್ನಡಕದಂಗಡಿಗೆ ಫೋನು ಮಾಡಿ ನಾನು ಬರುತ್ತಿಲ್ಲ ಎಂದು ಹೇಳಲು ಹೊರಟೆ. ಅವನ ಅಂಗಡಿಯ ಫೋನು ಕೈಗೆತ್ತಿಕೊಂಡೆ. ಯಾಕೆ ಎಂದು ನೀನು ಕೇಳುತ್ತೀಯಲ್ಲ ಎಂದು ಇಟ್ಟುಬಿಟ್ಟೆ. ಜೀವಮಾನವಿಡೀ ಯಾರನ್ನೋ ಯಾರಿಗೋ ಜೋಡಿಸಿ ಕೊಟ್ಟವಳು ನಾನು.

ಇದನ್ನು ಬರೆದರೆ ನೀನು ಕರಗುತ್ತೀಯ ಎಂದು ಬರೆದಿಲ್ಲ. ನಿನ್ನ ಡಾಕ್ಟರು ಕೇಳಿದ್ದಕ್ಕೆ ನಾನು ಇಲ್ಲವೆಂದಿದ್ದೆ. ಅದು ಸುಳ್ಳು. ತಿಳಿದಿರಲಿ.

ಅಮ್ಮ


ಜೂನ್ 16

ಅಮ್ಮನಿಗೆ,

ನಿನ್ನ ಕಾಗದ ಹರಿದು ಹಾಕಿಲ್ಲ. ಮೊದಲ ಸಲ ಓದಿದಾಗ ನನಗೆ ಇನ್ನಷ್ಟು ಸಿಟ್ಟು ಬಂತು. ನನಗೊಬ್ಬ ಅಕ್ಕ ಇದ್ದಳೆಂದು ಎರಡು ಮಕ್ಕಳನ್ನು ಹೆತ್ತು ಮೂರನೆಯದು ಗಾಜಿನ ಪೆಟ್ಟಿಗೆಗೆ ಹೋಗಿ ಬಂದ ಮೇಲೆ ನನಗೆ ತಿಳಿಯಬೇಕಾಯಿತು. ಎರಡನೆಯ ಸಲ ಓದಿದಾಗ ಆ ಮೆಟ್ಟಿಲ ಮೇಲೆ ಕೂತವಳು ನನಗಿಂತ ಎಷ್ಟೋ ಚಿಕ್ಕವಳು ಎಂಬುದು ಹೊಳೆಯಿತು. ಅವತ್ತು ನಾನು ಕೆಲಸ ಮಾಡಲಿಲ್ಲ.

ಸಾಸಿವೆಯನ್ನು ತೋರಿಸಲು ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ನಿನ್ನ ವಿಷಯ ಕೇಳಿದೆ. ನಿನ್ನದೆಂದೇ ಹೇಳಿ ಕೇಳಿದೆ.

"ಕೈ ಮೇಲೆತ್ತಿದ್ರೆ ಬಳ್ಳಿ ಜಾರುತ್ತಾ ಡಾಕ್ಟ್ರೇ?"

"ಯಾರ್ ಹೇಳಿದ್ದು? ತೋಳಿಗೂ ಅದಕ್ಕೂ ಏನ್ ಸಂಬಂಧ? ಬಟ್ಟೆ ಒಣಹಾಕೋ ಬಸುರಿಯರಿಗೆಲ್ಲ ಹಾಗಾಗ್ಬೇಕಿತ್ತಲ್ಲ." ಆಮೇಲೆ ಅವರು ಕನ್ನಡಕ ತೆಗೆದಿಟ್ಟು ಕೇಳಿದರು, "ಎಷ್ಟನೇ ತಿಂಗಳಂತೆ? ಮಗು ಹೇಗಿತ್ತಂತೆ?"

ಹೇಳಿದೆ.

"ದಿನ ತುಂಬದ ಸಣ್ಣ ಮಗು, ಕಾಲು ಕೆಳಗೆ. ಅಷ್ಟೇ ಸಾಕು. ಕಾಲಿನ ಪಕ್ಕ ಜಾಗ ಇರುತ್ತೆ, ಬಳ್ಳಿ ಜಾರುತ್ತೆ. ಅವತ್ತು ಅವರನ್ನ ಕೂರಿಸ್ಬಾರ್ದಿತ್ತು, ನಡೆಸ್ಬಾರ್ದಿತ್ತು. ತಪ್ಪು ಇದ್ರೆ ಅದು ಕೂರಿಸಿದವರದ್ದು. ನಿಮ್ಮ ತಾಯಿ ಮಾಡಿದ್ದಲ್ಲ ಅಂತ ಹೇಳಿ. ಇದು ತಾಯಿಯಿಂದ ಮಗಳಿಗೆ ಬರೋದೂ ಅಲ್ಲ. ನಿಮ್ಮದಕ್ಕೆ ಕಾರಣ ಬೇರೆ, ಅವರದಕ್ಕೆ ಬೇರೆ."

ಅದನ್ನು ನಿನಗೆ ತಿಳಿಸಲು ಈ ಕಾಗದ. ನಿನ್ನ ಕೈ ಏನೂ ಮಾಡಲಿಲ್ಲ ಅಮ್ಮಾ. ಅಜ್ಜಿ ಅಂದದ್ದು ಸುಳ್ಳು. ಅಪ್ಪ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನೀನು ನನ್ನ ಹತ್ತಿರ ಬಂದಿದ್ದರೂ ನನಗೆ ನೀರು ಒಡೆಯುತ್ತಿತ್ತು, ಬಳ್ಳಿ ಜಾರುತ್ತಿತ್ತು. ನೀನು ಅಪಶಕುನವಲ್ಲ, ನಿನ್ನ ನೆರಳಿಗೆ ಅಂಥ ಶಕ್ತಿಯೂ ಇಲ್ಲ. ಆ ಮಗು ಹೋದದ್ದು ನಿನ್ನ ತಪ್ಪಲ್ಲ. ಇದನ್ನು ನಾನು ಆಸ್ಪತ್ರೆಯಿಂದ ಬರೆದ ಹಾಗೆ ತಿಳಿಯದೆ ಬರೆಯುತ್ತಿಲ್ಲ, ಕೇಳಿ ತಿಳಿದು ಬರೆಯುತ್ತಿದ್ದೇನೆ.

ಆದರೆ ನನ್ನ ವಿಷಯದಲ್ಲಿ ಹಾಗೆ ಬರೆಯಲಾರೆ. ಹೆದರಿಕೆ ನನಗೆ ಅರ್ಥವಾಗುತ್ತದೆ. ಬಸ್ಸಿನಿಂದ ಇಳಿದದ್ದೂ ಅರ್ಥವಾಗುತ್ತದೆ. ತಮ್ಮನ ಅಂಗಡಿಯಲ್ಲಿ ಫೋನು ಕೈಗೆತ್ತಿಕೊಂಡು ಇಟ್ಟೆಯಲ್ಲ, ಅಲ್ಲಿಗೆ ಬಂದು ನಾನು ನಿಲ್ಲುತ್ತೇನೆ. ಆಗಿನ್ನೂ ನಾನು ಮೇಣ ಕರಗಿಸುತ್ತಿದ್ದೆ. ಕನ್ನಡಕದವನು ಮೇಲೆ ಬಂದು, "ನಿಮ್ಮಮ್ಮ ಬರಲ್ವಂತೆ" ಎಂದು ಹೇಳಿ ಗೊಣಗಿಕೊಂಡು ಹೋಗುತ್ತಿದ್ದ. ನಾನು ಅತ್ತುಬಿಟ್ಟು, ಚೀಲ ತೆಗೆದುಕೊಂಡು, ಆಸ್ಪತ್ರೆಗೆ ಹೋಗುತ್ತಿದ್ದೆ. ನಿನ್ನ ಮೇಲ್ವಿಚಾರಕಿ ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ನೀನು ನನ್ನನ್ನು ಮನೆಯಲ್ಲಿ ಕೂರಿಸಿದೆ. ಇದನ್ನು ಬರೆಯಬಾರದೆಂದು ಎಷ್ಟೋ ದಿನ ತಡೆದುಕೊಂಡೆ. ಬರೆಯದಿದ್ದರೆ ನಿನ್ನೆದುರಿಗೆ ಸುಳ್ಳು ನಗು ನಗಬೇಕಾಗುತ್ತದೆ, ಅದು ನನ್ನಿಂದಾಗದು.

ಸಾಸಿವೆಯ ಮುಷ್ಟಿ ಈಗ ಸ್ವಲ್ಪ ಸಡಿಲವಾಗಿದೆ. ದಿನಾ ಬೆರಳು ಬಿಡಿಸಿ ಉಜ್ಜಬೇಕು. ಹೋದ ವಾರ ದೊಡ್ಡವಳು ಏನೋ ಮಂಗಚೇಷ್ಟೆ ಮಾಡಿದ್ದಕ್ಕೆ ಮೊದಲ ಸಲ ದನಿ ಮಾಡಿ ನಕ್ಕಳು. ಮುಂದೆ ನಡೆಯುತ್ತಾಳೋ, ತಡವಾಗುತ್ತದೋ, ಡಾಕ್ಟರು ಏನೂ ಹೇಳುವುದಿಲ್ಲ. ನಾವೂ ಕೇಳುವುದನ್ನು ಬಿಟ್ಟಿದ್ದೇವೆ.

ಮಕ್ಕಳು ಅಜ್ಜಿ ಎಲ್ಲಿ ಎಂದು ಕೇಳುತ್ತಲೇ ಇದ್ದಾರೆ. ಅವರಿಂದ ನಿನ್ನನ್ನು ಕಿತ್ತುಕೊಳ್ಳುವ ಮನಸ್ಸು ನನಗಿಲ್ಲ. ಬರುವುದಾದರೆ ಬಾ. ನಿನ್ನ ಹಲ್ಲನ್ನೂ ಉಜ್ಜಿಕೊಡುತ್ತೇನೆ, ಊಟ ಹಾಕುತ್ತೇನೆ, ಮಗುವನ್ನು ನಿನ್ನ ಮಡಿಲಿಗೂ ಕೊಡುತ್ತೇನೆ. ಅವಳನ್ನು ನಿನ್ನೊಬ್ಬಳ ವಶಕ್ಕೆ ಬಿಟ್ಟು ನಾನು ಹೊರಗೆ ಹೋಗುವುದಿಲ್ಲ. ಯಾವತ್ತಾದರೂ ಹೋದೇನೋ, ನನಗೆ ತಿಳಿಯದು.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಬರುವ ದಿನವನ್ನು ಮೊದಲೇ ಬರೆಯಬೇಡ. ಬರೆದರೆ ಮಕ್ಕಳು ಬೆಳಗಿನಿಂದ ಕಿಟಕಿಯಲ್ಲಿ ಕೂರುತ್ತಾರೆ. ಅವರ ಜೊತೆ ನಾನೂ ಕಾಯುತ್ತೇನೆ, ನನ್ನನ್ನು ನಾನು ಬಲ್ಲೆ. ಬಂದು ಬಾಗಿಲು ತಟ್ಟು. ಆಗ ಬಂದಿದ್ದೀಯೆಂದು ತಿಳಿಯುತ್ತೇನೆ.

ಮಗಳು